ಚಂದ್ರನ ಮೇಲೆ ಒಬ್ಬನನ್ನು ಬಿಟ್ಟು ಬಂದ ಕಥೆ

ಅತ್ತಿಮರ ಕ್ರಾಸಿನವರು ಹಬೀಬುರ್ರಹ್ಮಾನನ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಒಂದು, ಅವನ ಜೀಪು ಹತ್ತಿದವರು ಹೊರನಾಡಿಗೆ ಹೋಗುವುದು ಆಮೇಲೆ, ಮೊದಲು ಚಂದ್ರನಿಗೆ ಹೋಗಿ ಬರುತ್ತಾರೆ ಅಂತ. ಇನ್ನೊಂದು, ಕೆಮ್ಮಣ್ಣಿನ ಏರಿನಲ್ಲಿ ಯಮನೇ ಬಂದು ಕೈ ಅಡ್ಡ ಹಿಡಿದರೂ ಅವನು ಜೀಪು ನಿಲ್ಲಿಸುವುದಿಲ್ಲ ಅಂತ.

ಮೊದಲನೆಯದು ಹಳೆಯ ಮಾತು, ನಗುತ್ತ ಹೇಳುತ್ತಿದ್ದದ್ದು. ಎರಡನೆಯದು ಒಂಬತ್ತು ವರ್ಷದಿಂದ ಈಚಿನದು, ಅದರಲ್ಲಿ ಸ್ವಲ್ಪ ಬೇಸರವೂ ಇತ್ತು. ಏರಿನ ನಡುವೆ ಮನೆಯಿದ್ದವರು "ಇಲ್ಲೇ ಇಳ್ಕೊಳ್ತೀವಿ ಹಬೀಬಣ್ಣ" ಎಂದರೆ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಮೇಲಿನವರೆಗೂ ಹೋಗಿ, ತೋಟದ ಹಿಂದಿನ ದಾರಿಯಲ್ಲಿ ಸುತ್ತು ಹಾಕಿ, ಅವರ ಮನೆ ಬಾಗಿಲಿಗೇ ತಂದು ಬಿಡುತ್ತಿದ್ದ. "ಇದೇನು ಮಾರಾಯ, ನಾವೇನು ಮದುವೆ ದಿಬ್ಬಣವಾ?" ಎಂದು ಯಾರಾದರೂ ಕೇಳಿದರೆ "ಇರ್ಲಿ ಬಿಡಿ" ಅನ್ನುವುದು, ಅಷ್ಟೇ. ಚಂದ್ರನ ಕಥೆಯನ್ನೂ ಅವನು ಆ ಒಂಬತ್ತು ವರ್ಷದಲ್ಲಿ ಒಂದು ದಿನ ಹೇಳಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡರು ಜನ.

ಅವನು ಮರೆತಿರಲಿಲ್ಲ.

ಹದಿನೆಂಟಕ್ಕೆ ಸ್ಟೀರಿಂಗ್ ಹಿಡಿದವನು ಅವನು. ಬೆಳಿಗ್ಗೆ ಕೊಯ್ಲಿನ ಆಳುಗಳು, ಮಧ್ಯಾಹ್ನ ಹೊರನಾಡಿನ ಯಾತ್ರಿಕರು, ಸಂಜೆ ಎಸ್ಟೇಟಿನ ಮೂಟೆ. ಎಂಟು ಜನ ಕೂರುವ ಜೀಪಿನಲ್ಲಿ ಹದಿನಾರು ಜನ, ಹದಿನೇಳನೆಯವನು ಬಂದರೆ "ಉಸಿರು ಒಳಗೆ ತಗೊಳ್ಳಿ ಎಲ್ರೂ" ಎಂದು ಅವನಿಗೂ ಜಾಗ. ಕೆಮ್ಮಣ್ಣಿನ ಏರಿಗೆ ಮೂರು ತಿರುವು. ಎರಡನೆಯ ತಿರುವಿನಲ್ಲಿ ನಾಲ್ಕು ಹನಿ ಬಿದ್ದರೆ ರಸ್ತೆ ಸಾಬೂನಿನ ಹಾಗೆ. ಅಲ್ಲಿ ಜೀಪು ಏದುಸಿರು ಬಿಡತೊಡಗಿದರೆ ಗಂಡಸರೆಲ್ಲ ಇಳಿಯಬೇಕು. ಅವರಲ್ಲೊಬ್ಬ ದಪ್ಪ ಕಲ್ಲು ಹಿಡಿದು ಹಿಂದಿನ ಚಕ್ರದ ಪಕ್ಕವೇ ನಡೆಯಬೇಕು, ಗಾಡಿ ಹಿಂದಕ್ಕೆ ಜಾರಿದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಮೇಲೆ ಮುಟ್ಟಿದ ಜೀಪು ಆ ಕಲ್ಲಿನವನಿಗಾಗಿ ಕಾಯಬೇಕು. ಈ ಕೊನೆಯದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಆ ಕಡೆಯ ಡ್ರೈವರುಗಳಲ್ಲಿ ಅದನ್ನು ಮೀರಿದವರಿರಲಿಲ್ಲ.

ಹಬೀಬ ಏರಿನ ಬುಡದಲ್ಲಿ ಕಥೆ ಶುರು ಮಾಡಿದರೆ ಎರಡನೆಯ ತಿರುವಿಗೆ ಸರಿಯಾಗಿ ಚಂದ್ರನ ಮೇಲೆ ಇರುತ್ತಿದ್ದ. ಬಾಳೆಯ ಹೂವಿನ ಮೂತಿಯಂಥ ಬೆಳ್ಳಿಯ ಹಡಗು. ನಾಲ್ಕು ಜನ ಅಮೆರಿಕದವರು. ಮೇಲೇಳುವಾಗ ಮುಖದ ಚರ್ಮ ಕಿವಿಯ ಕಡೆಗೆ ಎಳೆದುಕೊಂಡು ಹೋಗುವುದು, ಆಮೇಲೆ ಒಳಗೆಲ್ಲ ತೇಲಾಡುವುದು, ಒಬ್ಬ ಹಡಗಿನ ಹೊರಗೆ ಹೋಗಿ ಕೈತಪ್ಪಿ ಬಾವಿಯ ಕೊಡದ ಹಾಗೆ ದೂರ ಹೋಗುವುದು. ರಾಕ್ಷಸರಿಲ್ಲ, ಹಾಡಿಲ್ಲ, ಹೆಣ್ಣುಮಕ್ಕಳನ್ನು ಹೊತ್ತೊಯ್ಯುವವರಿಲ್ಲ. ಲೆಕ್ಕ ಹಾಕಿ ಹೋದರು, ಲೆಕ್ಕ ಹಾಕಿ ಇಳಿದರು. ಇಳಿದ ನೆಲ ನೀರಾರಿದ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ವಾಪಸು ಹೊರಡಬೇಕು ಅನ್ನುವಾಗ ನೋಡಿದರೆ ಎಣ್ಣೆ ಕಮ್ಮಿ, ತೂಕ ಜಾಸ್ತಿ. ಇಷ್ಟು ಹೇಳಿ ಹಬೀಬ ಬ್ರೇಕ್ ಒತ್ತುತ್ತಿದ್ದ. "ಒಬ್ಬ ಇಳೀಬೇಕಾಯ್ತು. ಇಲ್ಲೂ ಅಷ್ಟೇ, ಇಳೀರಿ ನೋಡೋಣ." ಜನ ನಗುತ್ತ ಇಳಿದು ತಳ್ಳುತ್ತಿದ್ದರು.

ಜೀಪಿನಲ್ಲಿ ಗುರುವಯ್ಯ ಇದ್ದ ದಿನ ಮಾತ್ರ ಕಥೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಗುರುವಯ್ಯ ಮೇಲಿನ ತೋಟದ ಮೇಸ್ತ್ರಿ. ಹಬೀಬನ ಮನೆಯ ಬೇಲಿಗೆ ಅವನ ಮನೆಯ ಬೇಲಿ ತಾಗಿಕೊಂಡಿತ್ತು.

"ಸುಳ್ಳು ಹೇಳ್ತಾನೆ ಇವನು" ಎನ್ನುತ್ತಿದ್ದ ಗುರುವಯ್ಯ ಕಲ್ಲು ಹುಡುಕುತ್ತ. "ಯಾರೂ ಉಳೀಲಿಲ್ಲ. ಸಾಮಾನು ಎಸೆದು ಎಲ್ರೂ ವಾಪಸ್ ಬಂದ್ರು."

"ನೀನು ನೋಡಿದ್ಯಾ?"

"ನೀನು ನೋಡಿದ್ಯಾ?"

ಕೊನೆಯನ್ನು ಇಬ್ಬರೂ ನೋಡಿರಲಿಲ್ಲ. ಹತ್ತು ಹನ್ನೊಂದು ವರ್ಷದವರಿದ್ದಾಗ ಎಸ್ಟೇಟಿನ ಕ್ಲಬ್ಬಿನಲ್ಲಿ ಬಿಳಿ ಪರದೆ ಕಟ್ಟಿ ಈ ಚಂದ್ರನ ಕಥೆಯ ಸಿನಿಮಾ ತೋರಿಸಿದ್ದರು. ಒಳಗೆ ಕುರ್ಚಿಯಲ್ಲಿ ಸಾಹುಕಾರರು. ಹೊರಗೆ ಕಿಟಕಿಯ ಕಟ್ಟೆಗೆ ಗಲ್ಲ ಊರಿಕೊಂಡು ಇವರಿಬ್ಬರು. ಇಂಗ್ಲಿಷು ಯಾರಿಗೆ ಗೊತ್ತು? ತಟ್ಟೆ ಹಿಡಿದು ಓಡಾಡುತ್ತಿದ್ದ ಅಡುಗೆಯವನು ಕಿಟಕಿಯ ಹತ್ತಿರ ಬಂದಾಗಲೆಲ್ಲ ಒಂದೊಂದು ಸಾಲು ಹೇಳಿ ಹೋಗುತ್ತಿದ್ದ. "ತೂಕ ಜಾಸ್ತಿ ಅಂತೆ ಕಣ್ರೋ. ಒಬ್ಬ ಇಲ್ಲೇ ಇರ್ತೀನಿ ಅಂತಿದಾನೆ." ಅಷ್ಟರಲ್ಲಿ ಮಳೆ ಹೊಡೆಯಿತು. ಇರಚಲು ಬರುತ್ತದೆ ಎಂದು ಅದೇ ಅಡುಗೆಯವನೇ ಕಿಟಕಿ ಮುಚ್ಚಿದ. ಮನೆಯವರೆಗೂ ಇಬ್ಬರೂ ಜಗಳವಾಡುತ್ತಲೇ ಓಡಿದರು. ಆ ಜಗಳ ನಲವತ್ತೈದು ವರ್ಷ ನಡೆಯಿತು.

ಮುಗಿದದ್ದು ಒಂಬತ್ತು ವರ್ಷದ ಹಿಂದೆ, ಡಿಸೆಂಬರಿನಲ್ಲಿ. ಕಣದಲ್ಲಿ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಿ ಮೂಟೆ ಕಟ್ಟಿದ ದಿನವೇ ಕಾಲವಲ್ಲದ ಕಾಲದಲ್ಲಿ ಮೋಡ ಕವಿಯಿತು. ಹನ್ನೆರಡು ಮೂಟೆಯನ್ನು ಏರು ಹತ್ತಿಸಿ ಗೋಡೌನಿಗೆ ಸೇರಿಸಬೇಕಿತ್ತು. ಟಾರ್ಪಾಲು ಹರಕಲು. ಜೀಪಿನಲ್ಲಿ ಇದ್ದದ್ದು ಹಬೀಬ ಮತ್ತು ಗುರುವಯ್ಯ ಇಬ್ಬರೇ.

ಮಾರನೆಯ ಬೆಳಿಗ್ಗೆ ಗುರುವಯ್ಯನ ಹೆಣ ಏರಿನ ರಸ್ತೆಯಿಂದ ಕೆಳಗಿನ ಕಾಫಿ ಗಿಡಗಳ ನಡುವೆ ಸಿಕ್ಕಿತು. ಆನೆ. ಆ ವರ್ಷ ಆ ಕಡೆ ಹೋದ ಮೂರನೆಯ ಜೀವ ಅದು. ಸುತ್ತ ನಿಂತಿದ್ದವರಲ್ಲಿ ಯಾರೋ "ನಿಮ್ ಜೀಪಲ್ಲೇ ಇದ್ನಲ್ಲ?" ಎಂದು ಕೇಳಿದರು. ಹಬೀಬನ ಬಾಯಿಂದ ಒಂದು ವಾಕ್ಯ ಬಂತು. "ಏರಿನ ಬುಡದಲ್ಲೇ ಇಳಿದ, ನಡ್ಕೊಂಡು ಬರ್ತೀನಿ ಅಂದ."

ಅವನು ಹೇಳಿದ್ದು ಅಷ್ಟೇ. ಉಳಿದದ್ದನ್ನು ಊರು ಪೂರ್ತಿ ಮಾಡಿತು. ಏರಿನ ಬುಡದಲ್ಲಿ ಏನಿದೆ? ಒಂದು ಪೆಟ್ಟಿಗೆ ಅಂಗಡಿ. ಅಲ್ಲಿ ಬೀಡಿಯ ಮರೆಯಲ್ಲಿ ಕದ್ದು ಕ್ವಾರ್ಟರ್ ಬಾಟಲಿ ಮಾರುತ್ತಿದ್ದರು. ಗುರುವಯ್ಯ ಅದಕ್ಕೂ ಆರು ವರ್ಷ ಮೊದಲು ಹೊರನಾಡಿನಲ್ಲಿ ಅಮ್ಮನವರ ಮುಂದೆ ನಿಂತು, ಹೆಂಡತಿಯ ಕೈ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದವನು. ಆಣೆ ಮುರಿಯಲು ಇಳಿದ, ಮುರಿದ, ಆನೆಯ ಕಾಲಿಗೆ ಸಿಕ್ಕ. ಊರಿಗೆ ಕಥೆ ಸರಿಯಾಗಿ ಕೂತಿತು. ಅವನ ಹೆಂಡತಿ ವಿಮಲಮ್ಮನಿಗೂ ಕೂತಿತು. ಹಬೀಬ ಅಲ್ಲ ಎನ್ನಬಹುದಿತ್ತು. ಅಲ್ಲ ಅಂದರೆ ಹಾಗಾದರೆ ಎಲ್ಲಿ ಇಳಿದ, ಯಾಕೆ ಇಳಿದ ಎಂದು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ಗುಂಡಿಗೆ ಮಣ್ಣು ಹಾಕಿ ಬಂದ.

ಅಂದಿನಿಂದ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ವಿಮಲಮ್ಮ ಗಂಡನ ಫೋಟೋದ ಮುಂದೆ ಎಡೆ ಇಡುತ್ತಿದ್ದಳು. ತೀರಿಕೊಂಡವರಿಗೆ ಅವರು ಇಷ್ಟಪಟ್ಟದ್ದನ್ನೇ ಬಡಿಸುವುದು ಅಲ್ಲಿಯ ರೂಢಿ. ಕಡುಬು, ಕೋಳಿ ಸಾರು, ಒಂದು ಕಟ್ಟು ಬೀಡಿ, ಪಕ್ಕದಲ್ಲೊಂದು ಕ್ವಾರ್ಟರ್ ಬಾಟಲಿ. ಆ ಬಾಟಲಿಯನ್ನು ಇಡುವಾಗ ಅವಳ ಕೈ ಸ್ವಲ್ಪ ಜೋರಾಗಿ ಊರುತ್ತಿತ್ತು. "ತಗೊಳ್ಳಿ, ನನ್ನ ಮಾತಿಗಿಂತ ಇದೇ ಹೆಚ್ಚಾಯ್ತಲ್ಲ." ಎಡೆ ತೆಗೆದ ಮೇಲೆ ಮೊದಲ ಊಟ ಪಕ್ಕದ ಮನೆಯ ಹಬೀಬಣ್ಣನಿಗೆ. ಸ್ನೇಹಿತ ತಾನೆ? ಅವನು ಜಗಲಿಯಲ್ಲಿ ಕೂತು ಕಡುಬು ನುಂಗುತ್ತಿದ್ದ. ಎಂಟು ವರ್ಷ ನುಂಗಿದ.

ಈ ವರ್ಷ ಅವನು ಊರು ಬಿಡುವುದೆಂದು ಆಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಎದುರಿನ ಗಾಡಿ ಒಂದಿದ್ದರೆ ಎರಡು ಕಾಣುತ್ತಿತ್ತು. ಜೀಪು ಮಾರಿದ. ಚಿಕ್ಕಮಗಳೂರಿನಲ್ಲಿ ಅಳಿಯ ಫಾರಿಸನ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ, ಗಲ್ಲಾದ ಮೇಲೆ ಕೂರೋದಕ್ಕೆ ನಂಬಿಕೆಯ ಜನ ಬೇಕು ಎಂದು ಮಗಳು ಶೈಮಾ ಕರೆದಳು. ಅಮಾವಾಸ್ಯೆಯ ಮಾರನೆಯ ದಿನ ಹೊರಡುವುದು. ಮನೆ ಎಸ್ಟೇಟಿನ ಬಾಡಿಗೆಯದು, ಬೀಗದ ಕೈ ಕೊಟ್ಟರೆ ಮುಗಿಯಿತು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಕವನಾ ಬಂದಳು. ಗುರುವಯ್ಯನ ಒಬ್ಬಳೇ ಮಗಳು, ಚಿಕ್ಕಮಗಳೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಬೇಲಿ ದಾಟಿ ಬಂದವಳ ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡ ಸಂತೋಷ.

"ಹಬೀಬ್ ಮಾಮ, ನಿಮಗೊಂದು ಉಡುಗೊರೆ ತಂದಿದೀನಿ. ಕೂತ್ಕೊಳ್ಳಿ."

"ಸಕ್ಕರೆ ಹಾಕಿದ್ದಾದ್ರೆ ನಿನ್ನ ಅಮ್ಮನಿಗೇ ಕೊಡು."

"ಸಕ್ಕರೆ ಇಲ್ಲ. ಅಮೆರಿಕದವರಿದಾರೆ."

ಆಗಸ್ಟಿನಲ್ಲಿ ನಮ್ಮ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ಅವಳು ಮಕ್ಕಳಿಗೆ ತೋರಿಸಿದ್ದಳಂತೆ. ಆಗ ಅಪ್ಪನ ಮತ್ತು ಮಾಮನ ಜಗಳ ನೆನಪಾಯಿತಂತೆ. ಬೆಳ್ಳಿಯ ಹಡಗು, ನಾಲ್ಕು ಜನ, ಬಿರುಕು ಬಿಟ್ಟ ನೆಲ ಎಂದು ಹುಡುಕಿ ಹುಡುಕಿ, ಎಪ್ಪತ್ತು ವರ್ಷಕ್ಕೂ ಹಳೆಯ ಆ ಸಿನಿಮಾವನ್ನು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಳು.

ಹಬೀಬ ಬೇಡ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಫೋನು ಅವನ ಕಣ್ಣಿನ ಹತ್ತಿರ ಬಂದಾಗಿತ್ತು. ಕಣ್ಣು ಮಂಜಾದರೂ ಹಡಗಿನ ಗುರುತು ಸಿಕ್ಕಿತು. ಮುಖ ಎಳೆದುಕೊಂಡು ಹೋಯಿತು, ಹೊರಗೆ ಹೋದವನು ತೇಲಿ ದೂರವಾದ, ನೆಲ ಬಿರುಕು ಬಿಟ್ಟಿತ್ತು. ಎಣ್ಣೆ ಕಮ್ಮಿ, ತೂಕ ಜಾಸ್ತಿ. ಒಬ್ಬ ನಾನಿಲ್ಲೇ ಇರುತ್ತೇನೆ ಎಂದ. ಅಡುಗೆಯವನು ಕಿಟಕಿ ಮುಚ್ಚಿದ ಜಾಗ ಇದೇ.

ಆಮೇಲೆ ಅವರು ಸಾಮಾನು ಎಸೆಯತೊಡಗಿದರು. ಯಂತ್ರ, ಪೆಟ್ಟಿಗೆ, ಹಾಸಿಗೆ, ಏಣಿ. ಬಿಚ್ಚಿದರು, ಕೊಯ್ದರು, ಎಸೆದರು. ಸಾಕಾಗಲಿಲ್ಲ. ಇನ್ನೂ ಎಸೆದರು. ಕೊನೆಗೆ ನಾಲ್ಕೂ ಜನ ಒಳಗೆ ಕೂತು ಹಡಗು ಎದ್ದಿತು.

ಕವನಾ ಚಪ್ಪಾಳೆ ತಟ್ಟಿದಳು. "ಅಪ್ಪ ಹೇಳಿದ್ದೇ ಸರಿ. ನೀವು ಸೋತ್ರಿ ಮಾಮ."

"ಹೂಂ" ಅಂದ ಹಬೀಬ. "ಸೋತೆ."

"ಯಾಕೆ, ಕಣ್ಣಲ್ಲಿ ನೀರು?"

"ಕಣ್ಣು ಸರಿ ಇಲ್ವಲ್ಲಮ್ಮ."

ಅವಳು ಹೋದ ಮೇಲೆ ಅವನು ಕಟ್ಟಿಟ್ಟ ಟ್ರಂಕಿನ ಮೇಲೆ ಕೂತ. ಅಮೆರಿಕದವರು ಏನು ಮಾಡಿದರು ಅನ್ನುವುದು ಅವನಿಗೆ ಮುಖ್ಯವಿರಲಿಲ್ಲ. ಆ ಡಿಸೆಂಬರಿನ ಸಂಜೆ ಎರಡನೆಯ ತಿರುವಿನಲ್ಲಿ ಜೀಪಿನ ಕ್ಲಚ್ಚು ಸುಟ್ಟ ವಾಸನೆ ಬಂದಾಗ ಗುರುವಯ್ಯ ಹೇಳಿದ್ದು ಇದನ್ನೇ. "ಎರಡು ಮೂಟೆ ಇಲ್ಲೇ ಮರದ ಬುಡಕ್ಕೆ ಇಡೋಣ ಮಾರಾಯ, ಆಮೇಲೆ ಬಂದು ತಗೊಂಡ್ರಾಯ್ತು." ಹಬೀಬ ಒಪ್ಪಲಿಲ್ಲ. ಮೂಟೆ ನೆನೆದರೆ ಸಾಹುಕಾರರು ಏನಂತಾರೆ, ಗೋಡೌನಿನ ಲೆಕ್ಕ ಬರೆಯೋ ರೈಟರು ಆರಕ್ಕೆ ಬೀಗ ಹಾಕ್ತಾನೆ. "ನಿನ್ನ ಸಿನಿಮಾ ಬೇರೆ, ನನ್ನ ಸಿನಿಮಾ ಬೇರೆ. ನನ್ನದರಲ್ಲಿ ಒಬ್ಬ ಇಳೀತಾನೆ" ಎಂದು ನಕ್ಕಿದ್ದ. ಗುರುವಯ್ಯನೂ ನಕ್ಕು ಇಳಿದಿದ್ದ. ಕಲ್ಲು ಎತ್ತಿಕೊಂಡು ಚಕ್ರದ ಪಕ್ಕ ನಡೆದಿದ್ದ.

ಮಾರನೆಯ ಮಧ್ಯಾಹ್ನ ವಿಮಲಮ್ಮ ಕರೆದಳು. "ಹಬೀಬಣ್ಣ, ಬನ್ನಿ. ಕೊನೇ ಸಲ ನಮ್ಮನೆ ಕಡುಬು."

ಎಡೆ ಇನ್ನೂ ತೆಗೆದಿರಲಿಲ್ಲ. ಊದುಬತ್ತಿಯ ಹೊಗೆಯಲ್ಲಿ ಗುರುವಯ್ಯ ಫೋಟೋದಿಂದ ನೋಡುತ್ತಿದ್ದ. ಬಾಟಲಿ ಅದರ ಜಾಗದಲ್ಲಿತ್ತು. ಕವನಾ ಒಳಗೆ ಲೋಟ ತೊಳೆಯುತ್ತಿದ್ದಳು. ಹಬೀಬ ಜಗಲಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ ನಿಂತ.

"ವಿಮಲಮ್ಮ, ಆ ಬಾಟ್ಲಿ ತೆಗೀರಿ."

"ಯಾಕೆ? ಅವರಿಗೆ ಬೇಕಾದ್ದು ಅದೇ ಅಲ್ವಾ? ಜೀವ ಕೊಟ್ಟು ಕುಡಿದದ್ದು."

"ಅವನು ಕುಡೀಲಿಲ್ಲ. ಬುಡದಲ್ಲಿ ಇಳೀಲೂ ಇಲ್ಲ."

ವಿಮಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒಳಗಿನ ಲೋಟದ ಸದ್ದು ನಿಂತಿತು.

ಅವನು ಹೇಳಿದ. ಎರಡನೆಯ ತಿರುವು, ಕ್ಲಚ್ಚು, ಮೂಟೆ. ತಾನೇ ಇಳಿ ಅಂದದ್ದು. ಒಮ್ಮೆ ಎದ್ದ ಜೀಪು ನಿಂತರೆ ಮತ್ತೆ ಏಳುವುದಿಲ್ಲ ಎಂದು ನಿಲ್ಲಿಸದೆ ಮೇಲಿನವರೆಗೂ ಹೋದದ್ದು. "ಮೇಲೆ ಕಾದೆ. ಎರಡು ಸಲ ಹಾರ್ನ್ ಹೊಡೆದೆ. ಮಳೆ ಶುರು ಆಯ್ತು, ಮೂಟೆ ನೆನೀತಿತ್ತು. ಒಳದಾರೀಲಿ ಬರ್ತಾನೆ ಬಿಡು ಅಂದ್ಕೊಂಡೆ. ಕಲ್ಲಿನವನನ್ನ ಬಿಟ್ಟು ಹೋದೆ ವಿಮಲಮ್ಮ. ಎಷ್ಟು ಹೊತ್ತು ಕಾದೆ ಅಂತ ಕೇಳ್ಬೇಡಿ. ಒಂದು ಬೀಡಿ ಮುಗಿಯೋಷ್ಟೂ ಇಲ್ಲ."

ಊದುಬತ್ತಿಯ ಬೂದಿ ಎಲೆಯ ಮೇಲೆ ಬಿತ್ತು. ವಿಮಲಮ್ಮ ಅದನ್ನು ಬೆರಳಿನಿಂದ ತೆಗೆದಳು.

"ಒಂಬತ್ತು ವರ್ಷ ನಾನು ಅವರಿಗೆ ಬೈದು ಬಡಿಸಿದೀನಿ" ಎಂದಳು. ಧ್ವನಿ ಏರಿರಲಿಲ್ಲ. "ಹೊರನಾಡಿಗೆ ಹೋಗೋದು ಬಿಟ್ಟೆ. ಆಣೆ ಮುರಿದವನ ಹೆಂಡ್ತಿ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ. ಊಟ ಬಡಿಸಿದಾಗೆಲ್ಲ ನೀವು ಇಲ್ಲೇ ಕೂತಿದ್ರಿ."

"ಕೂತಿದ್ದೆ."

"ರುಚಿ ಆಗಿತ್ತಾ?"

ವಿಮಲಮ್ಮ ಬಾಟಲಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಮುಚ್ಚಳ ತಿರುಗಿಸಿದ ಸದ್ದು, ಬಾಳೆಯ ಬುಡಕ್ಕೆ ಸುರಿದ ಸದ್ದು ಕೇಳಿಸಿತು. ಬರಿಗೈಯಲ್ಲಿ ಬಂದು ಫೋಟೋದ ಮುಂದೆ ನಿಂತಳು, ಬೆನ್ನು ಇವನ ಕಡೆಗೆ.

"ಸುಳ್ಳನ್ನ ಊರಿಗೇ ಹೇಳಿದ್ರಿ. ನಿಜಾನ ನನಗೊಬ್ಬಳಿಗೆ ಹೇಳಿ ಗಾಡಿ ಹತ್ತಿದ್ರೆ ಹ್ಯಾಗೆ ಹಬೀಬಣ್ಣ?"

ಆ ಸಲ ಅವನಿಗೆ ಎಲೆ ಹಾಕಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಫಾರಿಸ್ ಕಾರು ತಂದ. ಅಷ್ಟು ಹೊತ್ತಿಗೆ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕ್ರಾಸಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಓಂಕಾರಮೂರ್ತಿ ಎಲ್ಲರಿಂದ ದುಡ್ಡು ಸೇರಿಸಿ ಒಂದು ಶಾಲು ತಂದಿದ್ದ. ಅದನ್ನು ತೋಳಿನ ಮೇಲೆ ಮಡಚಿ ಹಾಕಿಕೊಂಡು ಮದುಮಗನ ತಂದೆಯ ಹಾಗೆ ನಿಂತಿದ್ದ. ಫಾರಿಸ್ ಡಿಕ್ಕಿ ತುಂಬಿಸಿದ. ಹಿಂದಿನ ಸೀಟಿನಲ್ಲಿ ಹಾಸಿಗೆಯ ಸುರುಳಿ, ಗ್ಯಾಸ್ ಒಲೆ, ಹಬೀಬನ ಹೆಂಡತಿ ಬದುಕಿದ್ದಾಗ ಕೊಂಡ ತಾಮ್ರದ ಹಂಡೆ. ಟ್ರಂಕು ಇನ್ನೂ ಒಳಗಿತ್ತು.

"ಶಾಲು ಆಮೇಲೆ" ಎಂದ ಓಂಕಾರಮೂರ್ತಿ. "ಮೊದ್ಲು ಚಂದ್ರನಿಗೆ ಒಂದು ಟ್ರಿಪ್ ಹೊಡೆಸಿ ಹಬೀಬಣ್ಣ. ಒಂಬತ್ತು ವರ್ಷದಿಂದ ಬಾಕಿ ಇದೆ."

ಜನ ನಕ್ಕರು. ಹಬೀಬ ಬೇಲಿಯ ಕಡೆ ನೋಡಿದ. ಆಚೆ ವಿಮಲಮ್ಮ ನಿಂತಿದ್ದಳು. ಅವಳ ಹಿಂದೆ ಕವನಾ, ಹೆಗಲಿಗೆ ಚೀಲ. ಚಿಕ್ಕಮಗಳೂರಿಗೆ ತನ್ನನ್ನೂ ಕರೆದುಕೊಂಡು ಹೋಗಿ ಎಂದು ಮೊನ್ನೆ ಅವಳೇ ಕೇಳಿದ್ದಳು. ಈಗ ಆ ಮಾತು ಅವಳೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ.

ಹಬೀಬ ಮೆಟ್ಟಿಲಿನ ಮೇಲೆ ನಿಂತು ಕಥೆ ಶುರು ಮಾಡಿದ. ಬಾಳೆಯ ಮೂತಿಯಂಥ ಹಡಗು. ಬಾವಿಯ ಕೊಡದ ಹಾಗೆ ತೇಲಿ ಹೋದವನು. ಜನ ಹಳೆಯ ಜಾಗಗಳಲ್ಲೇ ನಕ್ಕರು. ಎಣ್ಣೆ ಕಮ್ಮಿ, ತೂಕ ಜಾಸ್ತಿ. "ಒಬ್ಬ ಇಳೀಬೇಕಾಯ್ತು" ಎಂದು ನಾಲ್ಕಾರು ಜನ ಅವನ ಜೊತೆಗೇ ಹೇಳಿದರು.

"ಇಲ್ಲ" ಎಂದ ಹಬೀಬ. "ನಾನು ಇಷ್ಟು ವರ್ಷ ತಪ್ಪು ಹೇಳಿದೆ. ಗುರುವಯ್ಯ ಹೇಳಿದ್ದೇ ಸರಿ. ಅವರು ಸಾಮಾನು ಎಸೆದ್ರು. ಮನುಷ್ಯನನ್ನ ಇಳಿಸಿ ಮೂಟೆ ಹೊತ್ಕೊಂಡು ಹೋದವನು ನಾನು."

ಆಮೇಲೆ ಉಳಿದದ್ದನ್ನೂ ಹೇಳಿದ. ನಿನ್ನೆ ಹೇಳಿದಷ್ಟನ್ನೇ, ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. "ಅವನು ಬುಡದಲ್ಲಿ ಇಳೀಲಿಲ್ಲ. ಕುಡೀಲಿಲ್ಲ. ಆಣೆ ಉಳಿಸ್ಕೊಂಡೇ ಸತ್ತ. ಇನ್ನು ಮೇಲೆ ಅವನ ವಿಷಯ ಬಂದ್ರೆ ಹೀಗೇ ಹೇಳಿ."

ಓಂಕಾರಮೂರ್ತಿ ಶಾಲನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಹಾಕಿಕೊಂಡ. ಹಿಂದಿದ್ದ ಹಳೆಯ ಡ್ರೈವರೊಬ್ಬ "ಕಲ್ಲಿನವನನ್ನ ಬಿಟ್ಟು ಬಂದ್ಯಾ?" ಎಂದ, ಕೇಳಿದ ಹಾಗಲ್ಲ, ತನಗೇ ಹೇಳಿಕೊಂಡ ಹಾಗೆ. ಅವನೇ ಮೊದಲು ತಿರುಗಿ ನಡೆದದ್ದು. ಒಬ್ಬೊಬ್ಬರಾಗಿ ಜನ ಗೇಟಿನ ಕಡೆ ಸರಿದರು. ಓಂಕಾರಮೂರ್ತಿ ಶಾಲನ್ನು ಹಾಗೇ ಹಿಡಿದುಕೊಂಡು ಹೋದ.

ಹಬೀಬ ಒಳಗೆ ಹೋಗಿ ಟ್ರಂಕನ್ನು ತಾನೇ ಎಳೆದುಕೊಂಡು ಬಂದ. ಫಾರಿಸ್ ಕೈ ಹಾಕಲು ಬಂದರೆ ಬೇಡ ಎಂದ. ಕಾರಿನವರೆಗೆ ತಂದು, ಹಿಂದಿನ ಸೀಟನ್ನು ನೋಡಿ, ಸ್ವಲ್ಪ ಹೊತ್ತು ನಿಂತ. ಆಮೇಲೆ ಟ್ರಂಕನ್ನು ನೆಲಕ್ಕಿಟ್ಟು, ಹಂಡೆಯನ್ನು ಹೊರಗೆ ತೆಗೆದ. ಒಲೆ ತೆಗೆದ. ಹಾಸಿಗೆಯ ಸುರುಳಿ ಎಳೆದ.

"ಏನ್ ಮಾಡ್ತಿದೀರಿ ಮಾವ?" ಎಂದ ಫಾರಿಸ್. "ಹಂಡೆ ಶೈಮಾ ಕೇಳಿದಾಳೆ."

"ಇನ್ನೊಂದು ದಿನ ಬಂದು ತಗೊಂಡು ಹೋಗು."

ಟ್ರಂಕನ್ನೂ ಸೇರಿಸಿ ಎಲ್ಲವನ್ನೂ ಜಗಲಿಗೆ ಹೊತ್ತು ಹಾಕಿದ. ನಾಲ್ಕು ಸಲ ಓಡಾಡಿದ್ದಕ್ಕೆ ಏದುಸಿರು ಬಂತು. ಹಿಂದಿನ ಸೀಟು ಖಾಲಿಯಾಯಿತು. ಅಂಗೈಯಿಂದ ಅದರ ಧೂಳು ಒರೆಸಿ, ಬಾಗಿಲು ತೆರೆದಿಟ್ಟು, ಬೇಲಿಯ ಕಡೆ ನೋಡದೆ ನಿಂತ. ಕರೆಯುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕವನಾ ಅಮ್ಮನ ಮುಖ ನೋಡಿದಳು. ವಿಮಲಮ್ಮ ಹಂಡೆಯನ್ನು ನೋಡಿದಳು, ಒಲೆಯನ್ನು ನೋಡಿದಳು. ಮಗಳ ಹೆಗಲಿನ ಚೀಲದ ಪಟ್ಟಿ ಸರಿಮಾಡಿದಳು.

ಕವನಾ ಬೇಲಿ ದಾಟಿ ಬಂದು ಸೀಟಿನಲ್ಲಿ ಕೂತಳು. ಮಾಮ ಎನ್ನಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು.

ಹಬೀಬ ಮನೆಗೆ ಬೀಗ ಹಾಕಿದ. ಎಸ್ಟೇಟಿಗೆ ತಲುಪಿಸಬೇಕಾದ ಬೀಗದ ಕೈಯನ್ನು ಬೇಲಿಯ ಮೇಲಿಂದ ಚಾಚಿದ, ವಿಮಲಮ್ಮ ತೆಗೆದುಕೊಂಡಳು. ಅವನ ಕೈಯನ್ನು ಮುಟ್ಟದೆ, ತುದಿ ಹಿಡಿದು.

"ನಿಮಗೆ ಹೇಳೋದಕ್ಕೆ ನನ್ನ ಹತ್ರ ಏನೂ ಇಲ್ಲ ಹಬೀಬಣ್ಣ" ಎಂದಳು. "ಅವಳನ್ನ ಮನೆ ಬಾಗಿಲಿಗೇ ಇಳಿಸಿ. ದಾರೀಲಿ ಅಲ್ಲ."

"ಬಾಗಿಲಿಗೇ" ಎಂದ ಹಬೀಬ. ಮತ್ತೆ ಮನೆಯ ಕಡೆ ತಿರುಗದೆ ಕಾರಿನ ಹತ್ತಿರ ನಡೆದ.